ಉಪ್ಪುನೀರಿನ ಬೆಳಗು

ಪರ್ಕಳ,
ಭಾನುವಾರ, ೧೯ ಜನವರಿ ೨೦೨೫

ಪ್ರೀತಿಯ ಅವ್ವಾ,

ಇಲ್ಲಿಂದ ನಿನ್ನ ಪಾದ ಮುಟ್ಟಲು ನನ್ನ ಕೈ ಸಾಲದು, ಧ್ವನಿಯಾದರೂ ಗಜೇಂದ್ರಗಡದ ತನಕ ಮುಟ್ಟಲಿ. ಮೊಣಕಾಲು ಹೇಗಿದೆ? ಈ ಚಳಿಗೆ ಊದಿಕೊಂಡಿದೆಯೋ, ಅಕ್ಕ ಹರಳೆಣ್ಣೆ ಕಾಯಿಸಿ ಹಚ್ಚುತ್ತಿದ್ದಾಳೋ? ಮಗಳ ಬಾಣಂತನದ ಗದ್ದಲದಲ್ಲಿ ತಾಯಿಯ ಗುಳಿಗೆ ಮರೆಯಬಾರದು ಎಂದು ರಾಜಶ್ರೀ ಅಕ್ಕನಿಗೆ ನಾನು ಹೇಳಿದೆನೆಂದು ಹೇಳು. ಕೂಸು ಹೇಗಿದೆ? ಅತ್ತರೆ ಕಡೇ ಸಾಲಿನ ತನಕ ಕೇಳಿಸುತ್ತದೆಯೇ? ಕೇಳಿಸಿದರೆ ಅದು ನಮ್ಮ ಬಳ್ಳಿಯದೇ, ಅನುಮಾನ ಬೇಡ. ನೀನು ಕಳಿಸಿದ ಕುಸರೆಳ್ಳು, ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಎರಡೂ ಮುರಿಯದೆ ಬಂದು ಮುಟ್ಟಿದವು. ನಿನ್ನ ಸೊಸೆ ಅದಕ್ಕೆ ಮಟ್ಟುಗುಳ್ಳದ ಎಣ್ಣೆಗಾಯಿ ಮಾಡಿದಳು. ‘ಅದೇನ್ ಬದನಿಕಾಯಿ, ಹಸರ ಚೆಂಡು’ ಎಂದು ನೀನು ಮೂಗು ಮುರಿಯುವುದು ಇಲ್ಲಿಗೇ ಕಾಣಿಸುತ್ತದೆ. ಆದರೂ ಹೇಳುತ್ತೇನೆ, ರೊಟ್ಟಿಗೆ ಚೆನ್ನಾಗಿ ಹೊಂದಿತು. ನಾವೆಲ್ಲ ಇಲ್ಲಿ ಕ್ಷೇಮ. ಬಾಡಿಗೆ ಕೋಣೆಯ ಗೋಡೆ ತೆಳುವಾದ್ದರಿಂದ ನನ್ನ ಕ್ಷೇಮ ಪಕ್ಕದ ಮನೆಯವರಿಗೂ ದಿನಾ ಕೇಳಿಸುತ್ತದೆ.

ಫೋನಿರುವಾಗ ಕಾಗದ ಯಾಕೆ ಎಂದು ಕೇಳುತ್ತೀ. ಫೋನಿನಲ್ಲಿ ನಾಟಕದ ಸುದ್ದಿ ತೆಗೆದರೆ ಸಾಕು, ನೀನು ‘ಹೂಂ, ಆತು, ಅಕ್ಕನ ಕೈಯಾಗ ಕೊಡ್ತೀನಿ’ ಎಂದು ರಂಗದಿಂದ ನಿರ್ಗಮಿಸಿಬಿಡುತ್ತೀ. ಕಾಗದ ಬಿಟ್ಟು ಹಾಗೆ ಹೋಗಲು ಬರುವುದಿಲ್ಲ. ಅಕ್ಕ ಇದನ್ನು ಗೊಣಗುತ್ತಾ ಓದಬಾರದು, ಎದೆ ತುಂಬ ಉಸಿರು ಎಳೆದುಕೊಂಡು ಓದಬೇಕು. ಅಪ್ಪ ತೀರಿಕೊಂಡ ಮೇಲೆ ನೀನು ನಾಟಕದ ಬಣ್ಣದ ಪೆಟ್ಟಿಗೆಗೆ ಹಗ್ಗ ಬಿಗಿದು, ಮಂಚದ ಕೆಳಗೆ ತಳ್ಳಿ, ‘ಬೆಳಕ ಹೋದಮ್ಯಾಲೆ ಬಣ್ಣ ಯಾಕ’ ಅಂದದ್ದು ನನ್ನ ಕಿವಿಯಲ್ಲಿ ಹಾಗೇ ಇದೆ. ಆ ಪೆಟ್ಟಿಗೆಯ ಮಾತು ಎತ್ತುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿದ್ದೇನೆ. ಎತ್ತುವುದಿಲ್ಲ. ಇದು ಬೆಳಕಿನ ಸುದ್ದಿ, ಅಪ್ಪನ ಸುದ್ದಿ.

ಕಾಪುವಿನ ಶೇಖರಣ್ಣ ಎನ್ನುವವರು ಒಂದು ದಿನ ನಾನು ಕೆಲಸ ಮಾಡುವ ಕಾರ್ಲ್ಟನ್ನರ ಅಂಗಡಿಗೆ ಬಂದರು. ಬ್ಯಾಂಕಿನಿಂದ ನಿವೃತ್ತರಾದವರು, ಈಗ ಕಾಪುವಿನ ನಾಟಕ ಸಂಘದ ಅಧ್ಯಕ್ಷರು. ಒಳಗೆ ಬಂದವರೇ ಬಲ್ಬು ಕೇಳಲಿಲ್ಲ, ವೈರು ಕೇಳಲಿಲ್ಲ. ‘ಕಂಪನಿಯ ಲೈಟಿನ ತಿಮ್ಮಣ್ಣನ ಮಗ ಇಲ್ಲಿ ಇದ್ದಾನಂತೆ, ಯಾರು?’ ಎಂದರು. ನಾನು ಏಣಿಯ ಮೇಲಿದ್ದೆ. ಅಷ್ಟು ವರ್ಷದ ಮೇಲೆ ಒಬ್ಬ ಹೊರಗಿನವರ ಬಾಯಲ್ಲಿ ಅಪ್ಪನ ಹೆಸರು ಬಿರುದಿನ ಸಮೇತ ಕೇಳಿದಾಗ, ಅವ್ವಾ, ಇಳಿಯುವ ಮೆಟ್ಟಿಲು ಕಾಣಲಿಲ್ಲ. ನಮ್ಮ ನಾಟಕ ಕಂಪನಿ ಕಾಪುವಿನಲ್ಲಿ ತಂಬು ಹೊಡೆದಾಗ ಅವರು ಮೀಸೆ ಮೂಡುವ ಹುಡುಗ. ಈಗ ಸಂಘಕ್ಕೆ ಐವತ್ತು ತುಂಬಿದೆ, ಅದೇ ನಾಟಕ ಆಡಿಸಬೇಕಂತೆ. ಅದೇ, ಗಡೀಪಾರಾದ ಮಗನಿಗಾಗಿ ಹೊಸ್ತಿಲಲ್ಲಿ ಇಡೀ ಇರುಳು ಕಾದು, ಅವನು ಬರುವ ಬೆಳಗಿನಲ್ಲಿ ಕಣ್ಣು ಮುಚ್ಚುವ ತಾಯಿಯ ನಾಟಕ. ‘ಆ ಬೆಳಗಾಗುವುದು ಉಂಟಲ್ಲ ಕರಿಬಸವ, ಅದು ನನಗೆ ಬೇಕು. ಎಲ್‌ಇಡಿಯವರು ಬಂದು ಗುಂಡಿ ಒತ್ತಿ ತೋರಿಸಿದರು ಮಾರಾಯ. ಅದು ಬೆಳಗಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಟ್ಯೂಬ್‌ಲೈಟು ಹಾಕಿದ ಹಾಗೆ’ ಎಂದರು. ನಾನು ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡೆ. ಒಂದೇ ಷರತ್ತು ಇತ್ತು. ಅವರ ಅಕ್ಕನ ಮಗಳು ಯಶ್ಮಿತಾ ಮಣಿಪಾಲದ ಕಾಲೇಜೊಂದರಲ್ಲಿ ಕರೆಂಟಿನ ಲ್ಯಾಬ್ ನಡೆಸುವವರು, ಸಭಾಭವನದ ವೈರಿಂಗಿನ ಹೊಣೆ ಅವರ ಮೇಲಿದೆ. ಅವರು ನೋಡಿ ಒಪ್ಪಿದರೆ ಅಪ್ಪನ ಜಾಡಿ. ಒಪ್ಪದಿದ್ದರೆ ಗುಂಡಿಯ ಲೈಟು, ನಾನು ಮನೆಗೆ.

ನಮ್ಮ ರಾಜಶ್ರೀ ಅಕ್ಕನ ಮಗಳು ಕಂಪನಿ ನೋಡಿದವಳಲ್ಲ, ಆದ್ದರಿಂದ ಅವಳಿಗಾಗಿ ಜಾಡಿಯ ಕಥೆ ಹೇಳುತ್ತೇನೆ, ನೀನು ತಿದ್ದುತ್ತಾ ಹೋಗು. ಮೊಣಕಾಲೆತ್ತರದ ಪಿಂಗಾಣಿ ಜಾಡಿ, ಉಪ್ಪಿನಕಾಯಿ ಹಾಕುವಂಥದ್ದು. ತಳದಲ್ಲಿ ಒಂದು ತಾಮ್ರದ ತಗಡು, ಮೇಲಿನಿಂದ ದಾರ ಕಟ್ಟಿ ಇಳಿಬಿಟ್ಟ ಇನ್ನೊಂದು ತಗಡು, ನಡುವೆ ಉಪ್ಪುನೀರು. ಕರೆಂಟು ಈ ನೀರನ್ನು ಈಜಿ ದಾಟಿಯೇ ಬಲ್ಬು ಸೇರಬೇಕು. ಮೇಲಿನ ತಗಡು ಎತ್ತರದಲ್ಲಿದ್ದರೆ ದಾರಿ ದೂರ, ತಡೆ ಜಾಸ್ತಿ, ಬಲ್ಬು ಬೂದಿ ಮುಚ್ಚಿದ ಕೆಂಡ. ದಾರ ಸಡಿಲಿಸುತ್ತಾ ತಗಡನ್ನು ಇಳಿಸಿದಷ್ಟೂ ತಡೆ ಕಡಿಮೆ. ಕೆಂಪು ಕರಗಿ ಅರಿಸಿನವಾಗಿ, ಅರಿಸಿನ ಕರಗಿ ಬಿಳುಪಾಗಿ, ರಂಗದ ಮೇಲೆ ಪೂರ್ವದಿಕ್ಕು ತಾನಾಗಿ ತೆರೆಯುತ್ತದೆ. ನೀರಿಗೆ ಎಷ್ಟು ಉಪ್ಪು ಎನ್ನುವುದು ಊರಿನಿಂದ ಊರಿಗೆ ಬೇರೆ. ನಮ್ಮ ಕಡೆಯ ಸವಳು ನೀರಿಗೆ ಒಂದು ಚಿಟಿಕೆ ಸಾಕು, ಘಟ್ಟದ ಕೆಳಗಿನ ಸಪ್ಪೆ ನೀರಿಗೆ ಹಿಡಿ ಹಿಡಿ ಬೇಕು. ಕ್ಯಾಂಪು ಹೊಕ್ಕ ಕೂಡಲೇ ಅಪ್ಪ ಮೊದಲು ಬಾವಿಗೆ ಹೋಗಿ ಬೊಗಸೆ ನೀರು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಉಪ್ಪಿನ ಲೆಕ್ಕ ಹೇಳುತ್ತಿದ್ದ. ಆಮೇಲೆ ಅಡಿಗೆ ಮನೆಗೆ ನುಗ್ಗಿ ಸಾರಿಗೆಂದು ತಂದ ಉಪ್ಪನ್ನೆಲ್ಲ ಹೊತ್ತೊಯ್ಯುತ್ತಿದ್ದ. ‘ಕಂಪನಿ ಮಂದಿ ಸಪ್ಪನ ಸಾರು ಉಣಲಿ, ನಿನ್ನ ಜಾಡಿ ಉಪ್ಪು ಉಂಡು ದುಂಡಗಾಗಲಿ’ ಎಂದು ನೀನು ಸೌಟು ಹಿಡಿದು ಅಟ್ಟಿಸಿಕೊಂಡು ಹೋದದ್ದನ್ನು ನಾನು ಬೇಲಿಯ ಮೇಲೆ ಕೂತು ನೋಡಿದ್ದೇನೆ. ಟಿಕೇಟು ಇಲ್ಲದ ಆ ಆಟವೇ ನನಗೆ ಎಲ್ಲಕ್ಕಿಂತ ಇಷ್ಟ.

ಕಾಪುವಿನಲ್ಲಿ ತಂಬು ಇದ್ದದ್ದು ಕಡಲಿನ ಮಗ್ಗುಲಲ್ಲಿ, ಮರಳಿನ ಮೇಲೆ. ಅಂದು ಅಪ್ಪನ ಎಲೆಗೆ ಸುಣ್ಣ ಜಾಸ್ತಿಯಾಗಿ ನಾಲಿಗೆ ಸುಟ್ಟುಹೋಗಿತ್ತು. ಸುಣ್ಣ ಹಚ್ಚಿದ್ದು ಯಾರು ಎಂಬ ವ್ಯಾಜ್ಯ ನಿಮ್ಮಿಬ್ಬರ ನಡುವೆ ಕಡೆಯ ತನಕ ತೀರ್ಮಾನವಾಗಲಿಲ್ಲ, ನಾನೂ ಸಾಕ್ಷಿ ಹೇಳುವುದಿಲ್ಲ. ಸುಟ್ಟ ನಾಲಿಗೆಗೆ ನೀರಿನ ರುಚಿ ಹತ್ತಲಿಲ್ಲ. ಘಟ್ಟದ ಕೆಳಗಿನ ಬಾವಿ ತಾನೇ, ಸಪ್ಪೆಯೇ ಇರಬೇಕು ಎಂದು ಅಪ್ಪ ಹಿಡಿ ಹಿಡಿ ಉಪ್ಪು ಸುರಿದ. ಮೊದಲ ಆಟ. ಕಡೆಯ ಅಂಕ. ನೀನು ಹೊಸ್ತಿಲಲ್ಲಿ ಕೂತು ನಡುಗುವ ದನಿಯಲ್ಲಿ ‘ಇರುಳೇ, ನನ್ನ ಮಗ ಬರುವ ದಾರಿ ಯಾವುದು’ ಎಂದು ಕೇಳುತ್ತಿದ್ದೆ. ಒಳಗೆ ತಗಡಿನ ಅಂಚು ನೀರಿಗೆ ತಾಗಿದ್ದೇ ತಡ, ನಡುರಾತ್ರಿ ಹೋಗಿ ನಡುಮಧ್ಯಾಹ್ನವಾಯಿತು. ಬಲ್ಬುಗಳೆಲ್ಲ ಬೆಳ್ಳಗೆ ಉರಿದವು. ಹಾರ್ಮೋನಿಯಂ ನಿಂತಿತು. ಮಾಲಕರು ಹಣೆ ಹಿಡಿದುಕೊಂಡರು. ನೀನು ಒಂದು ಗಳಿಗೆ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದೆ. ಆಮೇಲೆ ಯಾರೂ ಬರೆದುಕೊಡದ ಮಾತು ನಿನ್ನ ಬಾಯಿಂದ ಬಂತು: ‘ಯಾಕೋ ಸೂರ್ಯದೇವ, ನನ್ನ ಮಗನಿಗಿಂತ ಮೊದಲು ನೀನೇ ಓಡಿಬಂದೆಯಾ? ಇನ್ನೂ ಕೋಳಿ ಕೂಗಿಲ್ಲ. ಹೋಗು, ಮುಖ ತೊಳೆದುಕೊಂಡು ಬಾ.’ ಅಪ್ಪ ಒಳಗಿಂದ ದಾರ ಎಳೆದ. ಸೂರ್ಯ ಮುಖ ತೊಳೆಯಲು ಹೋದ. ಕಾಪುವಿನ ಜನ ಹೊಡೆದ ಸಿಳ್ಳೆಗೆ ತಂಬು ಹಾರಿಹೋಗಬೇಕಿತ್ತು. ಶೇಖರಣ್ಣ ಆ ಮಾತನ್ನು ಅಕ್ಷರ ಬಿಡದೆ ಅಂಗಡಿಯಲ್ಲಿ ನಿಂತು ಹೇಳಿದರು, ಕೈ ಕೂಡ ನಿನ್ನ ಹಾಗೆಯೇ ಎತ್ತಿ.

ಮರುದಿನ ಅಪ್ಪ ‘ಈ ಊರಿನ ಕರೆಂಟೇ ನೆಟ್ಟಗಿಲ್ಲ’ ಎಂದು ದೂರು ಹೊತ್ತು ಹೋದದ್ದು ಬೆಂಜಮಿನ್ನರ ಅಂಗಡಿಗೆ. ಈಗಿನ ನನ್ನ ಧಣಿ ಕಾರ್ಲ್ಟನ್ನರ ತಂದೆ ಅವರು. ತಂಬಿಗೆ ಬಂದು, ಬಾವಿಯ ನೀರನ್ನು ಒಂದು ಗುಟುಕು ಬಾಯಿಗೆ ಹಾಕಿ ಉಗುಳಿ, ‘ತಿಮ್ಮಣ್ಣ, ಕರೆಂಟ್ ಸರಿಯೇ ಉಂಟು. ನೀನು ಸಮುದ್ರಕ್ಕೆ ಉಪ್ಪು ಹಾಕಿದ್ದೀ’ ಎಂದರು. ಆಮೇಲೆ ಅಂಗಡಿಯಿಂದ ಗುಂಡು ಮುಖದ ಒಂದು ಆಂಪಿಯರ್ ಮೀಟರು ತಂದು ಅಪ್ಪನ ಮಡಿಲಿಗೆ ಹಾಕಿದರು. ‘ನಾಲಿಗೆ ಸುಳ್ಳು ಹೇಳ್ತದೆ, ಮುಳ್ಳು ಹೇಳುವುದಿಲ್ಲ. ವೋಲ್ಟು ಎಂದರೆ ತಳ್ಳುವ ಒತ್ತಡ, ಆಂಪು ಎಂದರೆ ಹರಿಯುವ ಹರಿವು. ಎರಡು ಗೊತ್ತಾದ ಮೇಲೆ ಉಳಿದದ್ದು ನಿನ್ನ ಕೈಯಲ್ಲಿ ಉಂಟು’ ಎಂದು ಎರಡೇ ಲೆಕ್ಕ ಕಲಿಸಿದರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅಪ್ಪ ಅದನ್ನು ನಮ್ಮ ಮಾತಿಗೆ ತಿರುಗಿಸಿಕೊಂಡ: ‘ಭಾಗಿಸಿದ್ರ ತಡೆ, ಗುಣಿಸಿದ್ರ ತಾಕತ್ತು.’

ನನ್ನ ತಲೆಗೆ ಗಣಿತ ಹತ್ತುವುದಿಲ್ಲ, ಡೈಲಾಗು ಹತ್ತುತ್ತದೆ ಎಂದು ಗೊತ್ತಿದ್ದ ಅಪ್ಪ ಅದನ್ನೂ ದರ್ಬಾರು ಮಾಡಿದ. ತಂಬಿನ ಹಿಂದೆ ಬಟ್ಟೆ ಒಣಗುವ ಜಾಗದಲ್ಲಿ ನಾನು ಕಟ್ಟಿಗೆಯ ಕತ್ತಿ ಹಿಡಿದ ಮಹಾಪ್ರಭು, ಅಪ್ಪ ಕೈಕಟ್ಟಿದ ಮಂತ್ರಿ. ‘ಮಂತ್ರಿವರ್ಯ, ನಮ್ಮ ಅರಮನೆಯ ಇಸ್ತ್ರಿಪೆಟ್ಟಿಗೆಗೆ ಇನ್ನೂರ ಮೂವತ್ತು ವೋಲ್ಟು ಕೊಟ್ಟೆವು. ಐದು ಆಂಪು ಹರಿಯಿತು. ಅದರ ತಡೆ ಎಷ್ಟು?’ ‘ವೋಲ್ಟನ್ನು ಆಂಪಿನಿಂದ ಭಾಗಿಸಿದೆ ಪ್ರಭು, ನಲವತ್ತಾರು ಓಮ್.’ ‘ಭಲೇ. ಅದರ ತಾಕತ್ತು?’ ‘ವೋಲ್ಟನ್ನು ಆಂಪಿನಿಂದ ಗುಣಿಸಿದೆ ಪ್ರಭು, ಸಾವಿರದ ನೂರಾ ಐವತ್ತು ವ್ಯಾಟು.’ ಅಷ್ಟರಲ್ಲಿ ಅಡಿಗೆ ಮನೆಯಿಂದ ನಿನ್ನ ಪ್ರವೇಶ: ‘ಇಬ್ಬರೂ ತಾಕತ್ತು ಇದ್ದವ್ರು ಬಂದು ಎರಡು ಕೊಡ ನೀರು ಸೇದ್ರಿ.’ ಇವತ್ತು ನಾನು ಯಾರ ಮನೆಯ ಗೀಸರು ನೋಡಲು ಹೋದರೂ ಒಳಗೆ ಆ ಮಹಾಪ್ರಭು ಕೇಳುತ್ತಾನೆ, ಆ ಮಂತ್ರಿ ಹೇಳುತ್ತಾನೆ. ಒಮ್ಮೊಮ್ಮೆ ಬಾಯಿಂದ ಗಟ್ಟಿಯಾಗಿಯೇ ಬಂದುಬಿಟ್ಟು ಮನೆಯವರು ಹೆದರುವುದೂ ಉಂಟು. ನೋಡು, ಉಂಟು ಎಂದುಬಿಟ್ಟೆ. ಇಲ್ಲಿಯ ಗಾಳಿ ನನಗೂ ಬಡಿದಿದೆ.

ಕಾಪುವಿನಿಂದ ಕಾರ್ಕಳಕ್ಕೆ ಹೋದೆವಲ್ಲ, ಆ ಕ್ಯಾಂಪಿನಷ್ಟು ಒಳ್ಳೆಯ ದಿನಗಳನ್ನು ನಾನು ಮತ್ತೆ ಕಾಣಲಿಲ್ಲ. ಹೆಂಗಸರು ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟಿ ಹಿಡಿದು ನಿನ್ನನ್ನು ನೋಡಲು ತಂಬಿನ ಹಿಂಬದಿಗೆ ಬರುತ್ತಿದ್ದರು. ಕಡೆಯ ಅಂಕದ ಆ ಉದ್ದನೆಯ ಹಾಡಿಗೆ ಊರೇ ಮೂಗು ಒರೆಸಿಕೊಳ್ಳುತ್ತಿತ್ತು. ಆಟ ಮುಗಿದು ಉಣ್ಣಲು ಕೂತಾಗ ನೀನು ಅಪ್ಪನನ್ನು ಚುಚ್ಚುವ ಮಾತು ಮಾತ್ರ ಒಂದೇ. ‘ಊರ ಮಂದಿಯೆಲ್ಲ ನಾ ಸತ್ತದ್ದು ನೋಡಿ ಅತ್ತರು. ನನ್ನ ಗಂಡ ಒಬ್ಬಾಂವ ನೋಡಲಿಲ್ಲ. ಒಂದು ಕೈ ಬೆನ್ನ ಹಿಂದ ಇಟ್ಕೊಂಡು, ಗೌಡರಂಗ ಕುಂತು, ಜಾಡಿಯಾಗ ಮಾರಿ ಹಾಕಿದ್ದ.’ ಅಪ್ಪ ನಗುತ್ತಿದ್ದ. ‘ಕೈಯಾಗ ಕೆಲಸ ಇತ್ತು ಬಿಡ’ ಎನ್ನುತ್ತಿದ್ದ. ನೀನು ಬಿಡುತ್ತಿರಲಿಲ್ಲ. ‘ಏನ್ ಕೆಲಸ? ಹಾಡು ಮುಗಿಯೂತನಕ ಬೆಳಕು ಏರೂದಿಲ್ಲ, ಇಳಿಯೂದಿಲ್ಲ. ಸುಮ್ನ ನಿಂತ ಬೆಳಕಿಗೆ ಏನ್ ಕೆಲಸ?’ ಹೌದಲ್ಲ ಎಂದು ನನಗೂ ಅನಿಸುತ್ತಿತ್ತು. ಬೆಳಗು ಬರುವಾಗ ದಾರ ಇಳಿಸಬೇಕು, ಅದು ಸರಿ. ಆದರೆ ಅದಕ್ಕೂ ಮುಂಚೆ, ಆ ಹಾಡಿನುದ್ದಕ್ಕೂ, ಅಲುಗದ ಕೆಂಪು ಬೆಳಕಿನಲ್ಲಿ ಅಪ್ಪ ಒಮ್ಮೆ ತಲೆ ಎತ್ತಿ ನಿನ್ನನ್ನು ನೋಡಬಹುದಿತ್ತು. ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗಲೂ ನೀನು ಇದನ್ನೇ ಕೇಳಿದೆ. ಆಗಲೂ ಅಪ್ಪ ಅಂದದ್ದು ‘ಕೆಲಸ ಇತ್ತು’ ಎಂದೇ.

ಈಗ ಪರೀಕ್ಷೆಯ ದೃಶ್ಯ. ಮೊನ್ನೆ ಗುರುವಾರ ಕಾಪುವಿನ ಸಭಾಭವನ. ಕಾರ್ಕಳದ ಸಂತೆಯಲ್ಲಿ ಆರಿಸಿ ತಂದ ಹೊಸ ಜಾಡಿ, ಇಲ್ಲಿಯವರು ಭರಣಿ ಎನ್ನುತ್ತಾರೆ. ಅಪ್ಪ ಆಮೇಲೆ ಮರಳಿಸಿದ್ದ, ಅಂಗಡಿಯ ಗಾಜಿನ ಕಪಾಟಿನಲ್ಲಿದ್ದ ಬೆಂಜಮಿನ್ನರ ಅದೇ ಮೀಟರನ್ನು ಕಾರ್ಲ್ಟನ್ನರು ತೆಗೆದುಕೊಟ್ಟರು. ತಾಯಿ ಕೂರುವ ಹೊಸ್ತಿಲಿನಲ್ಲಿ ಶೇಖರಣ್ಣನ ಹೆಂಡತಿ ಮನೋರಮಕ್ಕ ಕೂತಿದ್ದರು. ಯಶ್ಮಿತಾ ಮೇಡಂ ಸ್ಕೂಟರಿನಲ್ಲಿ ಬಂದರು. ಸಣ್ಣ ದೇಹ, ಚೀಲದ ತುಂಬ ಮೀಟರು. ಜಾಡಿ ನೋಡಿದವರೇ, ‘ಎಂತ ಕರಿಬಸವಣ್ಣ ಇದು, ಉಪ್ಪುನೀರಿಗೆ ಕರೆಂಟ್ ಕೊಡುವುದಾ? ಇದಕ್ಕೆ ಹೂಂ ಅನ್ಲಿಕ್ಕೆ ನನಗೆ ಮರ್ಲಾ?’ ಎಂದರು. ಮರ್ಲು ಎಂದರೆ ತುಳುವಿನಲ್ಲಿ ಹುಚ್ಚು. ಶೇಖರಣ್ಣ ಛಾವಣಿ ನೋಡುತ್ತಾ ನಿಂತರು. ನಾನು ಕೈಮುಗಿದು, ಲೆಕ್ಕ ಒಪ್ಪಿಸುತ್ತೇನೆ, ಆಮೇಲೆ ತೀರ್ಪು ಕೊಡಿ ಎಂದೆ. ಸಾವಿರ ವ್ಯಾಟಿನಷ್ಟು ಬಲ್ಬು ಕಟ್ಟಿದ್ದೆ. ತಗಡನ್ನು ಎತ್ತರದಲ್ಲಿಟ್ಟು ಬೆಳಕನ್ನು ಹಾಡಿನ ಕೆಂಪಿಗೆ ತಂದೆ. ಮುಳ್ಳು ಎರಡು ಆಂಪು ತೋರಿಸಿತು. ಎದೆಯುಬ್ಬಿಸಿ ಒಪ್ಪಿಸಿದೆ: ಇನ್ನೂರ ಮೂವತ್ತು ವೋಲ್ಟು, ಎರಡು ಆಂಪು, ಭಾಗಿಸಿದರೆ ನೂರ ಹದಿನೈದು ಓಮ್, ಇದು ನನ್ನ ಜಾಡಿಯ ತಡೆ.

ಮೇಡಂ ತಲೆ ವಾರೆ ಮಾಡಿದರು. ‘ಮತ್ತೆ ಬಲ್ಬಿನದ್ದು? ಅದು ನಿಮ್ಮ ಮನೆಗೆ ಬಂದ ನೆಂಟನಾ, ಪುಕ್ಕಟೆ ಉರಿಲಿಕ್ಕೆ? ಇನ್ನೂರ ಮೂವತ್ತನ್ನು ಜಾಡಿಯೊಂದೇ ತಿಂದರೆ ಬಲ್ಬಿಗೆ ಎಂತ ಉಳಿಯುವುದು?’ ನನ್ನೊಳಗಿನ ಮಂತ್ರಿ ಮತ್ತೆ ಮುಳ್ಳು ನೋಡಿದ. ಅವರು ತಮ್ಮ ಮೀಟರಿನ ಎರಡು ತುದಿಗಳನ್ನು ಜಾಡಿಯ ಆಚೆ ಈಚೆ ಮುಟ್ಟಿಸಿದರು: ನೂರ ಎಪ್ಪತ್ತು ವೋಲ್ಟು. ಬಲ್ಬಿನ ಆಚೆ ಈಚೆ ಮುಟ್ಟಿಸಿದರು: ಅರವತ್ತು. ಕೂಡಿದರೆ ಇನ್ನೂರ ಮೂವತ್ತು. ಒಂದೇ ಕರೆಂಟು, ಎರಡೂ ಕಡೆ ಅದೇ ಎರಡು ಆಂಪು, ಆದರೆ ಒತ್ತಡ ಮಾತ್ರ ಅಣ್ಣತಮ್ಮಂದಿರ ಆಸ್ತಿಯ ಹಾಗೆ ಪಾಲಾಗಿದೆ. ಆ ಮುಟ್ಟಿಸುವುದನ್ನು ನೋಡುತ್ತಲೇ ಅಪ್ಪ ನೆನಪಾದ, ಅವ್ವಾ. ಅಪ್ಪನೂ ಪ್ರತಿ ಆಟದ ಮೊದಲು ವೋಲ್ಟು ಮೀಟರಿನ ವೈರಿನ ತುದಿಗಳನ್ನು ಜಾಡಿಗೊಮ್ಮೆ, ಬಲ್ಬಿಗೊಮ್ಮೆ ಮುಟ್ಟಿಸುತ್ತಿದ್ದ. ಅದು ಜಾಡಿಗೆ ಮಾಡುವ ಪೂಜೆ ಎಂದು ನಾನು ತಿಳಿದು ಪಕ್ಕದಲ್ಲಿ ಕೈಮುಗಿದು ನಿಲ್ಲುತ್ತಿದ್ದೆ. ಅಪ್ಪ ಬೇಡವೆನ್ನಲೂ ಇಲ್ಲ. ಮೇಡಂ ಸುಣ್ಣದ ಕಡ್ಡಿಯಿಂದ ರಂಗದ ಹಲಗೆಯ ಮೇಲೆಯೇ ಬರೆದರು. ಜಾಡಿಗೆ ನೂರ ಎಪ್ಪತ್ತನ್ನು ಎರಡರಿಂದ ಭಾಗಿಸಿದರೆ ಎಂಬತ್ತೈದು ಓಮ್. ಬಲ್ಬಿಗೆ ಅರವತ್ತನ್ನು ಎರಡರಿಂದ ಭಾಗಿಸಿದರೆ ಮೂವತ್ತು. ನನ್ನ ನೂರ ಹದಿನೈದು ಇಬ್ಬರದೂ ಸೇರಿದ್ದು. ‘ಈಗ ಗುಣಿಸಿ’ ಎಂದರು. ಗುಣಿಸಿದೆ. ಬಲ್ಬಿನ ತಾಕತ್ತು ನೂರಿಪ್ಪತ್ತು ವ್ಯಾಟು. ಜಾಡಿಯದು ಮುನ್ನೂರ ನಲವತ್ತು.

ಇಲ್ಲಿ ಅಕ್ಕ ಸ್ವಲ್ಪ ನಿಲ್ಲಿಸಿ, ನೀರು ಕುಡಿದು, ಮುಂದೆ ಓದಲಿ.

ಬೆಳಗುವವನಿಗೆ ನೂರಿಪ್ಪತ್ತು, ಪರದೆಯ ಹಿಂದೆ ಕತ್ತಲಲ್ಲಿ ಕೂತ ನೀರಿಗೆ ಮುನ್ನೂರ ನಲವತ್ತು. ‘ಅಷ್ಟು ತಾಕತ್ತು ನೀರಿನಲ್ಲಿ ಎಂತ ಮಾಡ್ತದೆ, ಹೇಳಿ ನೋಡುವ’ ಎಂದು ಮೇಡಂ ಕೇಳಿದರು. ಬಿಸಿ ಮಾಡುತ್ತದೆ ಎಂದೆ. ‘ಬಿಸಿಯಾದ ಉಪ್ಪುನೀರಿನ ತಡೆ ಏರ್ತದಾ, ಇಳಿತದಾ?’ ನನಗೆ ಗೊತ್ತಿರಲಿಲ್ಲ. ‘ಹಾಗಾದರೆ ದಾರ ಮುಟ್ಟಬೇಡಿ, ಸುಮ್ಮನೆ ನೋಡಿ’ ಎಂದು ಮನೋರಮಕ್ಕನಿಗೆ ಹಾಡಲು ಹೇಳಿದರು. ಮನೋರಮಕ್ಕ ಹಾಡು ಎತ್ತಿಕೊಂಡರು. ಮೊದಲು ಮುಖ ಮಾತ್ರ ಕೆಂಡದ ಬಣ್ಣದಲ್ಲಿ ಕಾಣುತ್ತಿತ್ತು. ಹಾಡು ಮುಂದುವರಿದ ಹಾಗೆ ಸೀರೆಯ ಅಂಚು ಕಂಡಿತು, ಆಮೇಲೆ ಹಿಂದಿನ ಗೋಡೆ ಕಂಡಿತು, ಗೋಡೆಗೆ ಒರಗಿಸಿದ ಪೊರಕೆ ಕೂಡ ಕಂಡಿತು. ಯಾರೂ ಏನೂ ಮುಟ್ಟಿಲ್ಲ. ನೀರು ಬೆಚ್ಚಗಾದಷ್ಟೂ ತಡೆ ಇಳಿದು, ಮುಳ್ಳು ತಾನೇ ಎರಡನ್ನು ದಾಟಿ ಹೋಗುತ್ತಿತ್ತು. ‘ಇದೆಂತ, ಹಾಡು ಮುಗಿಯುವ ಮೊದಲೇ ಬೆಳಗಾಯಿತಾ?’ ಎಂದು ಶೇಖರಣ್ಣ ಎದ್ದು ನಿಂತರು. ಮೇಡಂ ನನ್ನ ಕಡೆ ತಿರುಗಿ, ‘ಈ ಮುಳ್ಳನ್ನು ಎರಡರಲ್ಲೇ ನಿಲ್ಲಿಸುವ ಕೈ ಬೇಕು. ಇದು ಆಗುವುದಾದರೆ ಹೇಳಿ, ಇಲ್ಲದಿದ್ದರೆ ಎಲ್‌ಇಡಿಯವರಿಗೆ ಫೋನ್ ಮಾಡುವ’ ಎಂದರು.

ನೀರು ಬದಲಾಯಿಸಿ, ಮತ್ತೆ ಕೂತೆ. ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡೆ. ಅಪ್ಪ ಯಾಕೆ ಹಾಗೆ ಕೂರುತ್ತಿದ್ದ ಎಂಬುದು ವೈರಿನ ಕೆಲಸಕ್ಕೆ ಇಳಿದ ಮೊದಲ ವರ್ಷವೇ ನನಗೆ ತಿಳಿದಿದೆ. ಎರಡು ಕೈಯೂ ಮುಂದಿದ್ದರೆ ಕರೆಂಟು ಒಂದರಿಂದ ಹೊಕ್ಕು ಎದೆ ದಾಟಿ ಇನ್ನೊಂದರಿಂದ ಹೋಗುತ್ತದೆ. ಗೌಡಿಕೆ ಅಲ್ಲ ಅದು, ಹೆಂಡತಿ ಮಕ್ಕಳ ನೆನಪು. ಮನೋರಮಕ್ಕ ಹಾಡು ತೆಗೆದರು. ನಾನು ಮುಳ್ಳಿನ ಮೇಲೆ ಕಣ್ಣು ನೆಟ್ಟೆ. ಅದು ಎರಡು ಬಿಟ್ಟು ಕೂದಲಿನಷ್ಟು ಸರಿದರೆ ತಗಡನ್ನು ಕೂದಲಿನಷ್ಟು ಎತ್ತಿದೆ. ಮತ್ತೆ ಸರಿಯಿತು, ಮತ್ತೆ ಎತ್ತಿದೆ. ಒಮ್ಮೆ ತಲೆ ಎತ್ತಿ ರಂಗ ನೋಡಿದೆ, ಅಷ್ಟರಲ್ಲೇ ಮುಳ್ಳು ಜಾರಿತ್ತು, ಗೋಡೆ ಕಾಣತೊಡಗಿತ್ತು. ಮತ್ತೆ ತಲೆ ಎತ್ತಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಬೆರಳು ಮರಗಟ್ಟಿತ್ತು, ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು, ದಾರ ಗೇಣಿನ ಹತ್ತಿರ ಮೇಲೆ ಬಂದಿತ್ತು. ಮುಂದೆ ಕೂತಿದ್ದ ಶೇಖರಣ್ಣ ಖುಷಿಯಿಂದ ಕೂಗಿ ಹೇಳಿದರು: ‘ಈ ಸಲ ಬೆಳಕು ಒಂಚೂರೂ ಅಲುಗಲಿಲ್ಲ. ನೀನು ಎಂತ ಮಾಡಿದ್ದು? ಏನೂ ಮಾಡಲಿಲ್ಲ, ಅಲ್ವಾ?’

ನಾನು ದಾರ ಬಿಗಿದು ಹಣೆಯ ಬೆವರು ಒರೆಸಿಕೊಂಡೆ. ಅಪ್ಪ ನಿನ್ನನ್ನು ನೋಡಲಿಲ್ಲ, ಅದು ನಿಜ, ಅದನ್ನು ನಾನು ತಿರುಚುವುದಿಲ್ಲ. ಕಾರ್ಕಳದಲ್ಲಿ ನೋಡಲಿಲ್ಲ, ಯಾವ ಊರಿನಲ್ಲಿಯೂ ನೋಡಲಿಲ್ಲ. ನೋಡಿದ್ದರೆ ನಿನ್ನ ಇರುಳು ಸೋರಿ ಹೋಗುತ್ತಿತ್ತು, ಜನ ಪೊರಕೆ ನೋಡುತ್ತಿದ್ದರು. ನೀನು ಹಾಡುವಷ್ಟು ಹೊತ್ತೂ ನಿನ್ನ ಮುಖದ ಮೇಲೆ ನಿಂತ ಆ ಕೆಂಪು ಸುಮ್ಮನೆ ನಿಂತದ್ದಲ್ಲ, ಕೂದಲು ಕೂದಲಾಗಿ ಹಿಡಿದು ನಿಲ್ಲಿಸಿದ್ದು. ಅಷ್ಟು ಕೆಲಸಕ್ಕೆ ‘ಕೆಲಸ ಇತ್ತು’ ಎಂದಷ್ಟೇ ಹೇಳಿ ಹೋದ ಮನುಷ್ಯ ಅವನು. ನನಗಾದರೆ ಇಷ್ಟು ಸಾಧಿಸಿದ್ದಕ್ಕೆ ಇಷ್ಟು ಪುಟ ಬೇಕಾಯಿತು.

ಮೇಡಂ ಒಪ್ಪಿದರು, ಷರತ್ತು ಹಾಕಿ. ಜಾಡಿಗೆ ಮರದ ಪೆಟ್ಟಿಗೆ, ಮುಚ್ಚಳ ತೆರೆದರೆ ಕರೆಂಟು ತಾನೇ ಹೋಗಬೇಕು, ಕಾಲಡಿ ರಬ್ಬರಿನ ಹಾಸು, ಪಕ್ಕದಲ್ಲಿ ಸೋರಿದರೆ ಕರೆಂಟು ಕಡಿಯುವ ಟ್ರಿಪ್ ಸ್ವಿಚ್ಚು. ಅಪ್ಪನ ಬೆನ್ನ ಹಿಂದಿನ ಕೈಯ ಸುದ್ದಿ ಹೇಳಿದೆ. ‘ಒಳ್ಳೆಯ ಅಭ್ಯಾಸ. ಆದರೆ ಅಭ್ಯಾಸಕ್ಕೆ ಬೀಗ ಇರುವುದಿಲ್ಲ, ಪೆಟ್ಟಿಗೆಗೆ ಇರ್ತದೆ’ ಎಂದರು. ಒಪ್ಪತಕ್ಕ ಮಾತು. ಆಮೇಲೆ ಕಡೆಯದಾಗಿ ದಾರ ಇಳಿಸಿ ಬೆಳಗು ತಂದೆ. ಸುಣ್ಣದ ಕಡ್ಡಿ ಕೈಯಲ್ಲೇ ಹಿಡಿದು ಮೇಡಂ ಬೆಳಕು ಪೂರ್ತಿ ಬಿಳುಪಾಗುವ ತನಕ ನಿಂತಿದ್ದರು. ‘ಅಜ್ಜಿಮನೆಯ ಅಂಗಳದ ಹಾಗೆ ಉಂಟು’ ಎಂದು ಮೆಲ್ಲಗೆ ಹೇಳಿ ಸ್ಕೂಟರು ಹತ್ತಿದರು.

ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ. ಬಾಣಂತಿ ಚಳಿಗೆ ಕಿವಿಗೆ ಬಟ್ಟೆ ಕಟ್ಟಿಕೊಳ್ಳಲಿ, ಕೂಸಿನ ಹಣೆಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು. ನಿನ್ನ ಸೊಸೆ ನಿನ್ನ ಕೌದಿಯನ್ನು ಬಿಸಿಲಿಗೆ ಹಾಕಿ ಮಡಿಸಿಟ್ಟಿದ್ದಾಳೆ. ಬೈದಾದರೂ ಸರಿ, ನಮ್ಮನ್ನು ಹರಸು.

ನಿನ್ನ ಮಗ,
ಕರಿಬಸವ

ತಾ.ಕ.: ಅಂಚೆಗೆ ಹಾಕಲು ಹೊರಟವನು ಬಾಗಿಲಲ್ಲೇ ನಿಂತು ಬರೆಯುತ್ತಿದ್ದೇನೆ. ಪೆಟ್ಟಿಗೆಯ ಮಾತು ಎತ್ತುವುದಿಲ್ಲ ಎಂದ ಮಾತು ಮುರಿಯುತ್ತಿದ್ದೇನೆ. ಮನೋರಮಕ್ಕ ಕೂತದ್ದು ಬೆಳಕು ನೋಡಲು ಮಾತ್ರ. ತಾಯಿಯ ಪಾತ್ರಕ್ಕೆ ಶೇಖರಣ್ಣ ಯಾರನ್ನೂ ಹಾಕಿಲ್ಲ. ‘ನಿನ್ನ ಅಮ್ಮ ಇದ್ದಾರಾ, ಬಂದಾರಾ?’ ಎಂದು ಕೇಳಿದರು. ಇದ್ದಾಳೆ ಎಂದೆ. ಬಂದಾಳು ಎಂದೂ ಬಾಯಿಂದ ಬಿತ್ತು. ಆಟ ಫೆಬ್ರವರಿ ೧೬, ಭಾನುವಾರ ಸಂಜೆ. ಬಾಣಂತನಕ್ಕೆ ನಿನ್ನ ಬದಲು ನಿನ್ನ ಸೊಸೆ ಬರುತ್ತಾಳೆ, ಅವಳು ಆಗಲೇ ಚೀಲ ತುಂಬಿದ್ದಾಳೆ. ಅಂಕ ಪೂರ್ತಿ ಕೂತೇ ಇರುವುದು, ಮೊಣಕಾಲಿನ ನೆಪ ನಡೆಯುವುದಿಲ್ಲ. ಕಾರ್ಕಳದ ಪ್ರೆಸ್ಸಿನವರು ಕರಪತ್ರ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ. ‘ಮರೆಮ್ಮ ಅಂದ್ರ ಬೋರ್ಡಿಗೆ ಹೊಂದೂದಿಲ್ಲ’ ಎಂದು ಮಾಲಕರು ನಿನ್ನನ್ನು ಕೇಳದೆ ಕುಮಾರಿ ಚಂದ್ರಪ್ರಭಾ ಎಂದು ಬರೆಸಿಬಿಟ್ಟಿದ್ದರಲ್ಲ, ಶೇಖರಣ್ಣನಿಗೆ ಗೊತ್ತಿರುವುದು ಆ ಹೆಸರೇ. ನಾನು ನಿನ್ನನ್ನು ಕೇಳದೆ ಹಾಕಿಸುವುದಿಲ್ಲ ಎಂದಿದ್ದೇನೆ. ಯಾವ ಹೆಸರು ಹಾಕಿಸಲಿ, ಅಕ್ಕನ ಫೋನಿನಿಂದ ನೀನೇ ಹೇಳು.